1969ರ ಕಮಾರೋ: ಬಿಸಿಯಾದ ಮೇಲೆ ಹೆದ್ದಾರಿಯಲ್ಲಿ ಆಫ್ ಆಗುತ್ತದೆ, ಆಮೇಲೆ ಸೆಲ್ಫ್ ಸರಿಯಾಗಿ ಎಳೆಯುವುದಿಲ್ಲ

ಪ್ರಶ್ನೆ (ಫೀನಿಕ್ಸ್, ಅರಿಜೋನಾ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1969ರ ಶೆವ್ರೊಲೆ ಕಮಾರೋ ಎಸ್‌ಎಸ್ ಕಾರಿದೆ. 350 ಘನ ಅಂಗುಲದ, ಅಂದರೆ 5.7 ಲೀಟರಿನ ವಿ8 ಎಂಜಿನ್, ರಾಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ), ಕಾರ್ಖಾನೆಯ ಲೆಕ್ಕದಲ್ಲಿ 300 ಅಶ್ವಶಕ್ತಿ. ಮೂರು ವರ್ಷ ಕೂತು ಇದನ್ನು ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಬಾಡಿಯನ್ನು ತಗಡಿನವರೆಗೂ ಕೆರೆಸಿ ಬಣ್ಣ ಹೊಡೆಸಿದೆ, ಎಂಜಿನ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ, ಪೆಟ್ರೋಲ್ ಟ್ಯಾಂಕ್, ಕಬ್ಬಿಣದ ಪೈಪುಗಳು, ವೈರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹಳೆಯದೇ, ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಅದರೊಳಗೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದ್ದೇನೆ.

ತೊಂದರೆ ಹೀಗಿದೆ. ಬೆಳಿಗ್ಗೆ ತಂಪಿನಲ್ಲಿ ಒಂದೇ ಸೆಲ್ಫಿಗೆ ಎಂಜಿನ್ ಹಿಡಿಯುತ್ತದೆ, ಊರೊಳಗೆ ಎಷ್ಟು ಹೊತ್ತು ಓಡಿಸಿದರೂ ದೂರಿಲ್ಲ. ಹೆದ್ದಾರಿಗೆ ಇಳಿದು ಸುಮಾರು ಅರ್ಧ ಗಂಟೆ ಅರವತ್ತು ಅರವತ್ತೈದು ಮೈಲಿ ವೇಗದಲ್ಲಿ ಹೋದ ಮೇಲೆ ಮೊದಲು ಪಿಕಪ್ ಕಡಿಮೆಯಾಗುತ್ತದೆ, ಎಕ್ಸಲರೇಟರ್ ಒತ್ತಿದಷ್ಟೂ ಗಾಡಿ ಹಿಂದಕ್ಕೆ ಎಳೆದಂತಾಗುತ್ತದೆ, ಒಂದೆರಡು ನಿಮಿಷದಲ್ಲಿ ಪೂರ್ತಿ ಆಫ್. ರಸ್ತೆಯ ಅಂಚಿಗೆ ನಿಲ್ಲಿಸಿ ಸೆಲ್ಫ್ ಹೊಡೆದರೆ ಎಂಜಿನ್ ಬಹಳ ನಿಧಾನವಾಗಿ, ಬ್ಯಾಟರಿ ಇಳಿದುಹೋದಂತೆ ತಿರುಗುತ್ತದೆ. ನಲವತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ನೀರಿನ ಬಿಸಿಯ ಮುಳ್ಳು ಆ ಹೊತ್ತಿನಲ್ಲಿಯೂ 195 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿಯೇ ಇರುವುದರಿಂದ ರೇಡಿಯೇಟರಿನ ದೋಷ ಎನ್ನಿಸುವುದಿಲ್ಲ. ಮಾರ್ಚ್ ಕೊನೆಯಿಂದ ಇದು ಜಾಸ್ತಿಯಾಗಿದೆ.

ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸಿದೆ, ಪೆಟ್ರೋಲ್ ಪಂಪ್ ಬದಲಿಸಿದೆ, ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆದೆ, ಬ್ಯಾಟರಿಯೂ ಹೊಸದು. ಹಣ ಹೋದ ಬೇಸರಕ್ಕಿಂತ, ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಲು ಭಯವಾಗುವ ಸ್ಥಿತಿ ಬಂದಿರುವುದು ಹೆಚ್ಚು ನೋವು ಕೊಡುತ್ತಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಸಕಲೇಶಪುರ)

ನಿಮ್ಮ ಕಾರನ್ನು ನಾನು ಚಿತ್ರದಲ್ಲಿ ಬಿಟ್ಟರೆ ಕಣ್ಣಿನಿಂದ ನೋಡಿದವನಲ್ಲ. ಆದರೆ ಎಂಜಿನ್ನಿಗೇ ತಗುಲಿಸಿದ ಡಯಾಫ್ರಂ ಪಂಪು, ಅದರ ಮೇಲೆ ಕಾರ್ಬುರೇಟರು ಇರುವ ಗಾಡಿಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಬರುವ ಅಂಬಾಸಿಡರ್‌ಗಳು ಅರ್ಧ ದಾರಿಯಲ್ಲಿ ಹೀಗೆಯೇ ನಿಂತುಬಿಡುತ್ತಿದ್ದವು. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ನೀರು ಸುರಿದು, ಒಂದು ಬೀಡಿ ಸೇದುವಷ್ಟು ಹೊತ್ತು ಗಾಡಿಯಿಂದ ದೂರ ಕೂತು, ಮತ್ತೆ ಹೊರಡುತ್ತಿದ್ದರು. ಪೈಪಿನಲ್ಲಿದ್ದ ಪೆಟ್ರೋಲ್ ಕುದಿದು ಆವಿಯಾದರೆ ಪಂಪು ಆವಿಯನ್ನೇ ಹಿಂದೆ ಮುಂದೆ ತಳ್ಳುತ್ತದೆ, ಪೆಟ್ರೋಲ್ ಮೇಲೇರುವುದಿಲ್ಲ.

ಆದರೆ ನಿಮ್ಮದೂ ಅದೇ ಎಂದು ಈಗಲೇ ಹೇಳಲಾರೆ, ಏಕೆಂದರೆ ನೀವು ಸಾಮಾನು ಬದಲಿಸಿದ್ದೀರಿ, ಗಾಡಿ ನಿಂತ ಆ ಗಳಿಗೆಯಲ್ಲಿ ಇಲ್ಲದಿದ್ದದ್ದು ಪೆಟ್ರೋಲೋ ಕಿಡಿಯೋ ಎಂಬುದನ್ನು ಮಾತ್ರ ನೋಡಿಲ್ಲ. ತಣ್ಣಗಾದ ಮೇಲೆ ಮನೆಯಲ್ಲಿ ನೋಡಿದರೆ ಎರಡೂ ಸರಿಯಾಗಿಯೇ ಇರುತ್ತವೆ. ಆದ್ದರಿಂದ ಮುಂದಿನ ಸಲ ಗಾಡಿ ನಿಂತಾಗ, ರಸ್ತೆಯಿಂದ ಸಾಕಷ್ಟು ಒಳಗೆ ಸರಿಸಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಎಂಜಿನ್ ಆಫ್ ಇರುವಾಗಲೇ ಕಾರ್ಬುರೇಟರಿನ ಮುಂದಿನ ಎರಡು ಬಾಯಿಗಳೊಳಗೆ ನೋಡುತ್ತ ಥ್ರಾಟಲ್ ಲಿವರನ್ನು ಕೈಯಿಂದ ಒಮ್ಮೆ ತಿರುಗಿಸಿ. ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ ಪೆಟ್ರೋಲ್ ಇದ್ದರೆ ಎರಡು ಸಣ್ಣ ಧಾರೆಗಳು ಚಿಮ್ಮಲೇಬೇಕು. ಚಿಮ್ಮದಿದ್ದರೆ ಬಟ್ಟಲು ಬರಿದಾಗಿದೆ. ಚಿಮ್ಮಿದರೆ ಆ ಕೂಡಲೇ ಕಿಡಿ ಪರೀಕ್ಷಿಸಿ. ಅದಕ್ಕೆಂದೇ ಮಾಡಿದ ಟೆಸ್ಟರ್ ಬಳಸಿ, ಪೆಟ್ರೋಲ್ ವಾಸನೆ ಇರುವಲ್ಲಿ ಬರಿಯ ವೈರಿನಿಂದ ಕಿಡಿ ಹಾರಿಸಬೇಡಿ.

ಸೆಲ್ಫ್ ನಿಧಾನವಾಗುವುದು ಬೇರೆಯೇ ಕಾಯಿಲೆ ಇರಬಹುದು. ಎಂಜಿನ್ ಬಿಸಿ ಇರುವಾಗ ಕಾಯಿಲಿಗೆ ಕರೆಂಟ್ ಬರುವ ವೈರನ್ನು ಬಿಚ್ಚಿ ಸೆಲ್ಫ್ ಹೊಡೆದು ನೋಡಿ. ಆಗ ಎಂಜಿನ್ ಸಲೀಸಾಗಿ ತಿರುಗಿದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಅತಿಯಾಗಿ ಮುಂದಿದೆ, ಪಿಸ್ಟನ್ ಮೇಲೇರುವ ಮೊದಲೇ ಉರಿ ಹತ್ತಿ ಎದುರು ಒದೆಯುತ್ತಿದೆ. ಆಗಲೂ ನಿಧಾನವೇ ಆದರೆ ಕೇಬಲ್, ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಅಥವಾ ಸೆಲ್ಫ್ ಮೋಟಾರಿನ ಕಡೆ ತಿರುಗಿ.

ಉತ್ತರ (ಮಿಷಿಗನ್)

ಸಕಲೇಶಪುರದ ಹಿರಿಯರು ಹೇಳಿದ ಪರೀಕ್ಷೆಯನ್ನು ಮೊದಲು ಮಾಡಿ. ನಾನು ಇದೇ ಪೀಳಿಗೆಯ ಜಿಎಂ (ಶೆವ್ರೊಲೆ ತಯಾರಿಸುವ ಜನರಲ್ ಮೋಟಾರ್ಸ್) ಕಾರನ್ನು ಹತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ, ಆ ಅನುಭವದಿಂದ ಮೂರು ಮಾತು ಸೇರಿಸುತ್ತೇನೆ.

ನಿಮ್ಮ ವಿವರದಲ್ಲಿ ನನ್ನ ಗಮನ ಸೆಳೆದದ್ದು “ಹೊಸ ಟ್ಯಾಂಕ್” ಎಂಬ ಮಾತು. ಟ್ಯಾಂಕಿನ ಮುಚ್ಚಳ ಯಾವುದು ಹಾಕಿದ್ದೀರಿ? 1969ರ ಕಾರಿನಲ್ಲಿ ಪೆಟ್ರೋಲ್ ಖರ್ಚಾದಷ್ಟು ಗಾಳಿ ಮುಚ್ಚಳದ ಮೂಲಕವೇ ಒಳಗೆ ಬರಬೇಕು, ಅಂದರೆ ಉಸಿರಾಡುವ ಮುಚ್ಚಳ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 1970ರ ಮಾಡೆಲ್‌ನಿಂದ, ಅಮೆರಿಕದ ಉಳಿದೆಡೆ 1971ರಿಂದ, ಪೆಟ್ರೋಲ್ ಆವಿ ಹೊರಗೆ ಹೋಗದಂತೆ ಇದ್ದಿಲಿನ ಡಬ್ಬಿಗೆ ಕಳಿಸುವ ವ್ಯವಸ್ಥೆ ಬಂತು. ಆಗಿನಿಂದ ಹಲವು ಕಾರುಗಳಿಗೆ ಗಾಳಿಯಾಡದ ಮುಚ್ಚಳ ಬಂತು. ಅಂಥ ಮುಚ್ಚಳ ನೋಡಲು ಒಂದೇ ಬಗೆ, ನಿಮ್ಮ ಟ್ಯಾಂಕಿನ ಬಾಯಿಗೆ ಕೂತರೂ ಕೂರುತ್ತದೆ, ಆದರೆ ಟ್ಯಾಂಕಿನ ಉಸಿರು ಕಟ್ಟುತ್ತದೆ. ಊರೊಳಗೆ ಪೆಟ್ರೋಲ್ ನಿಧಾನವಾಗಿ ಖರ್ಚಾಗುವುದರಿಂದ ಎಲ್ಲಿಂದಲೋ ಸೋರಿ ಬರುವ ಗಾಳಿಯೇ ಸಾಕಾಗುತ್ತದೆ, ಹೆದ್ದಾರಿಯಲ್ಲಿ ಸಾಲದು. ಒಳಗೆ ಒತ್ತಡ ಇಳಿದಂತೆ ಪಂಪಿನ ಕೆಲಸ ಕಷ್ಟವಾಗುವುದು ಒಂದು, ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುವಂತೆ ಪಂಪಿನ ಹಿಂದಿನ ಪೈಪಿನಲ್ಲಿ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುವುದು ಇನ್ನೊಂದು. ಕ್ವಾಡ್ರಾಜೆಟ್‌ನ ಬಟ್ಟಲು ಬೇರೆ ಚಿಕ್ಕದು, ಪಂಪು ಕೈಕೊಟ್ಟರೆ ಬೇಗನೆ ಬರಿದಾಗುತ್ತದೆ.

ಮಾರ್ಚ್ ಕೊನೆಯಲ್ಲಿ ಜಾಸ್ತಿಯಾದದ್ದಕ್ಕೂ ಕಾರಣವಿದೆ. ಚಳಿಗಾಲದಲ್ಲಿ ಬಂಕಿಗೆ ಬರುವ ಪೆಟ್ರೋಲನ್ನು ತಂಪಿನಲ್ಲಿ ಎಂಜಿನ್ ಸುಲಭವಾಗಿ ಹಿಡಿಯಲೆಂದು ಬೇಗ ಆವಿಯಾಗುವಂತೆ ಹದ ಮಾಡಿರುತ್ತಾರೆ. ಬೇಸಿಗೆಯ ಪೆಟ್ರೋಲ್ ಬರುವ ಮೊದಲೇ ಬಿಸಿಲು ಏರಿದರೆ, ಹಳೆಯ ಕಾರುಗಳಿಗೆ ಆ ಕೆಲವು ವಾರಗಳೇ ಅತಿ ಕಷ್ಟದ ಕಾಲ. ಜೊತೆಗೆ ನೂರಕ್ಕೆ ಹತ್ತು ಪಾಲು ಎಥನಾಲ್ ಬೆರೆತಾಗ ಆವಿಯಾಗುವ ಗುಣ ಇನ್ನಷ್ಟು ಹೆಚ್ಚುತ್ತದೆ.

ಎರಡನೆಯದು ನಿಮ್ಮ ಎಲೆಕ್ಟ್ರಾನಿಕ್ ಮಾಡ್ಯೂಲ್. ಈ ಕಾರಿನಲ್ಲಿ ಕಾಯಿಲಿಗೆ ಹೋಗುವುದು ಸಾಮಾನ್ಯ ವೈರಲ್ಲ, ಪಾಯಿಂಟ್ ಸುಡದಿರಲೆಂದು ಹಾಕಿದ, ಕರೆಂಟನ್ನು ತಗ್ಗಿಸುವ ರೆಸಿಸ್ಟೆನ್ಸ್ ವೈರು. ಸೆಲ್ಫ್ ಹೊಡೆಯುವಾಗ ಮಾತ್ರ, ಸೆಲ್ಫ್ ಮೋಟಾರಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡ್‌ನಿಂದ ಇನ್ನೊಂದು ವೈರು ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಕೊಡುತ್ತದೆ, ಎಂಜಿನ್ ಹಿಡಿದ ಮೇಲೆ ಕಾಯಿಲಿಗೆ ಸಿಗುವುದು ಒಂಬತ್ತು ವೋಲ್ಟ್ ಆಸುಪಾಸು. ಬಹಳಷ್ಟು ಮಾಡ್ಯೂಲ್‌ಗಳು ಕೇಳುವುದು ಹನ್ನೆರಡು. ನಿಂತ ಗಳಿಗೆಯಲ್ಲಿ ಕಿಡಿ ಇಲ್ಲವಾದರೆ ಮೊದಲು ಇಲ್ಲಿ ನೋಡಿ.

ಮೂರನೆಯದು ಅರ್ಥ್. ಹೊಸ ಬಣ್ಣದ ಕಾರುಗಳಲ್ಲಿ ಇದು ನಿತ್ಯದ ಗೋಳು. ಐವತ್ತು ವರ್ಷ ಬೋಲ್ಟಿನ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿಕೊಂಡಿದ್ದ ಜಾಗಕ್ಕೆ ನಾವು ಪ್ರೀತಿಯಿಂದ ಪ್ರೈಮರ್ ಮತ್ತು ಬಣ್ಣ ಹೊಡೆದು ಕರೆಂಟಿನ ದಾರಿಯನ್ನು ಮುಚ್ಚಿರುತ್ತೇವೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಕೇಬಲಿನ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಹಿಡಿದು, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಒತ್ತಿ, ಯಾರಿಂದಲಾದರೂ ಸೆಲ್ಫ್ ಹೊಡೆಸಿ. ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಲ್ಲಿ ಕರೆಂಟ್ ಸೋತುಹೋಗುತ್ತಿದೆ ಎಂದರ್ಥ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನಗಳ ನಂತರ)

ಇಬ್ಬರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಕಳೆದ ಶನಿವಾರ ಸ್ನೇಹಿತರೊಬ್ಬರನ್ನು ಇನ್ನೊಂದು ಕಾರಿನಲ್ಲಿ ಹಿಂದೆಯೇ ಬರಹೇಳಿ, ಬೇಕೆಂದೇ ಮಧ್ಯಾಹ್ನ ಎರಡು ಗಂಟೆಗೆ ಟಕ್ಸಾನ್ ಕಡೆಯ ಹೆದ್ದಾರಿಗೆ ಹೊರಟೆ. ಮೂವತ್ತೈದನೆಯ ನಿಮಿಷಕ್ಕೆ ಗಾಡಿ ನಿಂತಿತು. ಹೊರದಾರಿಯ ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಗಿ ಖಾಲಿ ಜಾಗದಲ್ಲಿ ನಿಲ್ಲಿಸಿ, ಏರ್ ಫಿಲ್ಟರ್ ತೆಗೆದು ಥ್ರಾಟಲ್ ತಿರುಗಿಸಿದೆ. ಒಂದು ಹನಿಯೂ ಚಿಮ್ಮಲಿಲ್ಲ. ಟೆಸ್ಟರಿನಲ್ಲಿ ಕಿಡಿ ಮಾತ್ರ ನೀಲಿಯಾಗಿ, ಜೋರಾಗಿ ಹಾರಿತು. ಅಲ್ಲಿಗೆ ನಾನು ಕಾಯಿಲಿಗೆ ಹಾಕಿದ ದುಡ್ಡು ಅನಗತ್ಯವಾಗಿತ್ತೆಂದು ಖಚಿತವಾಯಿತು.

ಆಮೇಲೆ ಹಿಂದಕ್ಕೆ ಹೋಗಿ, ನಂಬರ್ ಪ್ಲೇಟನ್ನು ಮಡಚಿ, ಅದರ ಹಿಂದಿರುವ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದೆ. ಉಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಒಂದೆರಡು ಕ್ಷಣವಲ್ಲ, ಹತ್ತು ಎಣಿಸುವಷ್ಟು ಹೊತ್ತು ಕೇಳಿಸಿತು. ಕೊನೆಯಲ್ಲಿ ಟ್ಯಾಂಕಿನ ತಗಡು ಒಳಗೆ ಬಾಗಿದ್ದದ್ದು ಟಣ್ ಎಂದು ಹೊರಕ್ಕೆ ಚಿಮ್ಮಿತು. ಪಕ್ಕದಲ್ಲಿದ್ದ ಸ್ನೇಹಿತರು ಬೆಚ್ಚಿ ಹಿಂದೆ ಸರಿದರು. ಮುಚ್ಚಳವನ್ನು ಸಡಿಲವಾಗಿಟ್ಟು ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ಎಂಜಿನ್ ಹಿಡಿಯಿತು. ನಲವತ್ತು ನಿಮಿಷ ಕಾಯಬೇಕಾಗಿ ಬರಲಿಲ್ಲ.

ಮನೆಗೆ ಬಂದು ನೋಡಿದರೆ, ಟ್ಯಾಂಕಿನ ಜೊತೆ ನನಗೆ ಮಾರಿದ್ದು ಗಾಳಿಯಾಡದ ಮುಚ್ಚಳವೇ. ಅದರ ಒಳಮೈಯಲ್ಲಿ ಉಸಿರಿನ ತೂತಾಗಲಿ ಕವಾಟವಾಗಲಿ ಇಲ್ಲ. ಸರಿಯಾದ ಮುಚ್ಚಳ ತರಿಸಿ ಹಾಕಿದ ಮೇಲೆ ಅದೇ ದಾರಿಯಲ್ಲಿ ಎರಡು ಸಲ, ಒಟ್ಟು ಇನ್ನೂರು ಮೈಲಿಗೂ ಹೆಚ್ಚು ಓಡಿಸಿದ್ದೇನೆ, ಒಮ್ಮೆಯೂ ನಿಲ್ಲಲಿಲ್ಲ.

ಸೆಲ್ಫಿನ ವಿಷಯ. ಬಿಸಿ ಎಂಜಿನ್ನಿನಲ್ಲಿ ಕಾಯಿಲ್ ವೈರ್ ಬಿಚ್ಚಿದರೂ ತಿರುಗುವ ವೇಗದಲ್ಲಿ ವ್ಯತ್ಯಾಸವಾಗಲಿಲ್ಲ, ಆದ್ದರಿಂದ ಟೈಮಿಂಗನ್ನು ಬಿಟ್ಟೆ. ಮಲ್ಟಿಮೀಟರ್ 1.6 ವೋಲ್ಟ್ ತೋರಿಸಿತು. ನೆಗೆಟಿವ್ ಕೇಬಲ್ ಬಂದು ಕೂರುವ ಆಲ್ಟರ್ನೇಟರ್ ಬ್ರಾಕೆಟ್ಟನ್ನು ನಾನೇ ಎರಡು ಕೈ ಕಪ್ಪು ಬಣ್ಣ ಹೊಡೆದು ಹೊಳೆಯುವಂತೆ ಮಾಡಿದ್ದೆ, ಅದರ ಹಿಂದಿನ ಎಂಜಿನ್ ಮೈಗೂ ಕಿತ್ತಳೆ ಬಣ್ಣ ದಪ್ಪವಾಗಿತ್ತು. ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಎರಡೂ ಕಡೆ ಒಂದು ರೂಪಾಯಿ ನಾಣ್ಯದಷ್ಟು ಅಗಲ ಬೆಳ್ಳಗಾಗುವವರೆಗೆ ಉಜ್ಜಿ, ತುಕ್ಕು ಹಿಡಿಯದಂತೆ ಸ್ವಲ್ಪ ಗ್ರೀಸ್ ಸವರಿ ಬಿಗಿದೆ. ಈಗ ಮೀಟರು 0.2 ತೋರಿಸುತ್ತದೆ, ಬಿಸಿಯಲ್ಲೂ ತಣ್ಣಗಿದ್ದಾಗಲೂ ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತದೆ. ಅರ್ಥ್ ದೋಷ ತಂಪಿನಲ್ಲೂ ಇದ್ದಿರಬೇಕು, ಬಿಸಿಯಾದ ಮೋಟಾರಿಗೆ ಮಾತ್ರ ಅದು ತಡೆಯಲಿಲ್ಲ ಎಂದು ಈಗ ಅರ್ಥವಾಗುತ್ತಿದೆ.

ಒಂದು ಸಣ್ಣ ತೊಂದರೆ ಉಳಿದಿದೆ. ಓಡಿಸಿ ಬಂದು ನಿಲ್ಲಿಸಿ ಕಾಲು ಗಂಟೆಯ ನಂತರ ಹೊರಟರೆ, ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾಗುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ.

ಉತ್ತರ (ಸಕಲೇಶಪುರ)

ಓದಿ ಮನಸ್ಸಿಗೆ ನೆಮ್ಮದಿಯಾಯಿತು. ಉಳಿದದ್ದು ಬಟ್ಟಲಿನೊಳಗಿನ ಕುದಿತ. ಎಂಜಿನ್ ನಿಂತ ಮೇಲೆ ಫ್ಯಾನಿನ ಗಾಳಿಯೂ ಇಲ್ಲ, ನೀರಿನ ಓಟವೂ ಇಲ್ಲ. ಕೆಳಗಿನ ಬಿಸಿಯೆಲ್ಲ ಕಾರ್ಬುರೇಟರಿಗೆ ಏರಿ, ಬಟ್ಟಲಿನ ಪೆಟ್ರೋಲ್ ಉಕ್ಕಿ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಅದಕ್ಕೇ ಆ ವಾಸನೆ. ಅಂಥ ಹೊತ್ತಿನಲ್ಲಿ ಎಕ್ಸಲರೇಟರನ್ನು ಪದೇ ಪದೇ ತುಳಿಯಬೇಡಿ. ಒಮ್ಮೆ ಪೂರ್ತಿ ಒತ್ತಿ ಹಾಗೆಯೇ ಹಿಡಿದು ಸೆಲ್ಫ್ ಹೊಡೆಯಿರಿ, ಹೆಚ್ಚಾದ ಪೆಟ್ರೋಲಿಗೆ ಬೇಕಾದ ಗಾಳಿ ಸಿಕ್ಕಿ ಎಂಜಿನ್ ಹಿಡಿಯುತ್ತದೆ. ಕಾರ್ಬುರೇಟರಿನ ಬುಡಕ್ಕೆ ದಪ್ಪನೆಯ, ಬಿಸಿ ತಡೆಯುವ ಗ್ಯಾಸ್ಕೆಟ್ ಹಾಕಿದರೆ ಇದು ಬಹುಪಾಲು ನಿಲ್ಲುತ್ತದೆ. ಆದರೆ ಕಾರ್ಬುರೇಟರ್ ಎಷ್ಟು ಮೇಲೇರುತ್ತದೆಂದು ಅಳೆದು, ಏರ್ ಫಿಲ್ಟರಿನ ನೆತ್ತಿಯ ಮೇಲೆ ನಾಲ್ಕು ಉಂಡೆ ಜೇಡಿಮಣ್ಣು ಇಟ್ಟು ಬಾನೆಟ್ಟನ್ನು ಮೆಲ್ಲಗೆ ಒಮ್ಮೆ ಮುಚ್ಚಿ ತೆಗೆದು, ಉಂಡೆ ಎಷ್ಟು ಚಪ್ಪಟೆಯಾಯಿತೆಂದು ನೋಡಿದ ಮೇಲೆಯೇ ಗ್ಯಾಸ್ಕೆಟ್ ಕೊಳ್ಳಿ.

ಇನ್ನೊಂದು ಮಾತು. ತಿಂಗಳುಗಟ್ಟಲೆ ಒಳಕ್ಕೆ ಸೆಳೆತ ತಿಂದ ಟ್ಯಾಂಕು ನಿಮ್ಮದು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಟ್ಯಾಂಕಿನ ಬೆಸುಗೆಯ ಅಂಚುಗಳನ್ನೂ, ಟ್ಯಾಂಕಿನಿಂದ ಕಬ್ಬಿಣದ ಪೈಪಿಗೆ ಹೋಗುವ ರಬ್ಬರ್ ಪೈಪನ್ನೂ ಒಣ ಬಟ್ಟೆಯಿಂದ ಒರೆಸಿ ಮೂಸಿ ನೋಡಿ. ಆ ರಬ್ಬರ್ ಎಥನಾಲ್ ತಡೆಯುವ ಬಗೆಯದಲ್ಲದಿದ್ದರೆ, ಹೊಸದಾಗಿದ್ದರೂ ಸರಿ, ಮಗಳನ್ನು ಕೂರಿಸಿಕೊಂಡು ಹೊರಡುವ ಮೊದಲು ಬದಲಿಸಿಬಿಡಿ.