ಮೋಡೆಮ್ ಕನೆಕ್ಟ್ ಅಂತದೆ, ಪಿಪಿಪಿ ಮಾತ್ರ ನಿಲ್ಲೋದಿಲ್ಲ (ಡೆಬಿಯನ್ ಸರ್ವರ್, ಶಿರಸಿ ಹತ್ರ)

ಹುಲೇಕಲ್ ದಾರಿ:

ಎಲ್ರಿಗೂ ನಮಸ್ಕಾರ. ಹುಲೇಕಲ್ ದಾಟಿ ಒಳಗೆ ನಮ್ದೊಂದು ಸಣ್ಣ ಸೊಸೈಟಿ ಇದೆ, ಅಲ್ಲಿ ಹಳೇ 486 ಮಷಿನಿಗೆ ಡೆಬಿಯನ್ ಲಿನಕ್ಸ್ ಹಾಕಿ ಸರ್ವರ್ ಮಾಡ್ಕೊಂಡಿದ್ದೇವೆ, ಮೆಂಬರ್‌ಗಳ ಅಡಿಕೆ ಖಾತೆ ಲೆಕ್ಕಪತ್ರ ಎಲ್ಲ ಅದ್ರಲ್ಲೇ. ಇಲ್ಲಿಗೆ ಬ್ರಾಡ್‌ಬ್ಯಾಂಡ್ ಬಂದಿಲ್ಲ, ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ಗುಡ್ಡ ಹತ್ತಬೇಕು, ಹಾಗಾಗಿ ಲ್ಯಾಂಡ್‌ಲೈನಿಗೆ ಎಕ್ಸ್‌ಟರ್ನಲ್ 56ಕೆ ಮೋಡೆಮ್ ಹಾಕಿ ಡಯಲ್‌ಅಪ್ಪಲ್ಲೇ ನಡೀತಾ ಇದೆ. ಸಂಜೆ ಶಿರಸಿ ಟೆಂಡರ್ ಮುಗಿದ್ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟಿನ ರೇಟು ತರಿಸ್ಕೊಳ್ಳೋದು, ನಮ್ಮ ಕಡೆ ಮೇಲ್ ಕಳ್ಸೋದು, ಕೆಲಸ ಇಷ್ಟೇ. ಆದ್ರೆ ಇದು ಆಗ್ಲಿಲ್ಲ ಅಂದ್ರೆ ಮಾರನೇ ದಿನ ಮೂಟೆ ತಂದವ್ರಿಗೆ ಎಂತ ರೇಟು ಹೇಳೋದು, ಅದೇ ಚಿಂತೆ ನಂಗೆ.

ಈಗ ತೊಂದ್ರೆ ಎಂತ ಅಂದ್ರೆ, ಪಿಪಿಪಿಡಿ (ಫೋನ್ ಲೈನ್ ಮೇಲೆ ಇಂಟರ್ನೆಟ್ ನಡೆಸೋ ಪಿಪಿಪಿ ಅನ್ನೋ ಕ್ರಮದ ಪ್ರೋಗ್ರಾಂ) ಡಯಲ್ ಮಾಡ್ತದೆ, ಮೋಡೆಮ್ ಕೂಗ್ತದೆ, ಲಾಗಲ್ಲಿ ಕನೆಕ್ಟ್ 115200 ಅಂತ ಬರ್ತದೆ, ಆಮೇಲೆ ಅರ್ಧ ನಿಮಿಷ ಸುಮ್ನೆ ಕೂತು ಎಲ್‌ಸಿಪಿ ಟೈಮ್‌ಔಟ್ ಸೆಂಡಿಂಗ್ ಕಾನ್ಫಿಗ್ ರಿಕ್ವೆಸ್ಟ್ಸ್ ಅಂತ ಹೇಳಿ ಕಟ್. ಕೆಲವು ಸಲ ದಾಟಿ ಮುಂದೆ ಹೋಗ್ತದೆ, ಐಪಿ ಸಿಗ್ತದೆ, ಆದ್ರೆ ಎಂತದೂ ಓಪನ್ ಆಗೋದಿಲ್ಲ. ಇನ್ನು ಮಳೆ ಜೋರು ಹೊಡೀತು ಅಂದ್ರೆ ಐಪಿ ಸಿಕ್ಕಿದ್ದೂ ಮಧ್ಯದಲ್ಲೇ ಬಿದ್ದು ಹೋಗ್ತದೆ. ಇಲ್ಲಿ ಎಲ್ರೂ ಮೋಡೆಮ್ ಹಾಳಾಗಿದೆ ಹೊಸ್ದು ತಗೊಳ್ಳಿ ಅಂತಾರೆ, ಆಡಳಿತ ಮಂಡಳಿಯಲ್ಲಿ ದುಡ್ಡು ಕೇಳೋಕೆ ಮುಂಚೆ ನಿಜವಾಗ್ಲೂ ಹಾಳಾಗಿದ್ದು ಯಾವ್ದು ಅಂತ ಗೊತ್ತಾಗ್ಬೇಕು. ಯಾರಾದ್ರೂ ದಾರಿ ತೋರ್ಸಿ.

ಕುಮಟೆ ಕನ್ಸೋಲ್:

ಮೋಡೆಮ್ ಈಗ್ಲೇ ಬದಲಾಯಿಸ್ಬೇಡಿ ಮಾರಾಯ್ರೆ. ನೀವು ಹೇಳಿದ್ದು ಒಂದು ತೊಂದ್ರೆ ಅಲ್ಲ, ಮೂರು, ಮೂರಕ್ಕೂ ಕಾರಣ ಬೇರೆ ಬೇರೆ ಇರೋ ಹಾಗೆ ಕಾಣ್ತದೆ. ಮೋಡೆಮಿಗೆ ಆ ಕಡೆಯ ಮೋಡೆಮ್ ಸಿಕ್ಕಿ ಕ್ಯಾರಿಯರ್ (ಎರಡು ಮೋಡೆಮಿನ ಮಧ್ಯದ ಸಿಗ್ನಲ್) ಹಿಡಿದ್ರೆ ಮಾತ್ರ ಕನೆಕ್ಟ್ ಅನ್ನೋ ಮಾತು ಬರೋದು, ಅಂದ್ರೆ ಅಲ್ಲೀವರೆಗೆ ಮೋಡೆಮೂ ಲೈನೂ ಕೆಲಸ ಮಾಡಿವೆ. ಇನ್ನು ಆ 115200 ನೋಡಿ ಖುಷಿ ಪಡೋದು ಬೇಡ, ಅದು ನಿಮ್ಮ ಕಂಪ್ಯೂಟರಿಗೂ ಮೋಡೆಮಿಗೂ ಮಧ್ಯದ ಸೀರಿಯಲ್ ಕೇಬಲ್ಲಿನ ಸ್ಪೀಡು, ಫೋನ್ ಲೈನಿಂದಲ್ಲ. ತುಂಬಾ ಮೋಡೆಮಲ್ಲಿ ಇನಿಟ್ ಸ್ಟ್ರಿಂಗಿಗೆ (ಡಯಲ್ ಮಾಡೋಕೆ ಮುಂಚೆ ಮೋಡೆಮಿಗೆ ಕೊಡೋ ಕಮಾಂಡು) ಡಬ್ಲ್ಯು2 ಸೇರಿಸಿದ್ರೆ ಕನೆಕ್ಟ್ ಪಕ್ಕ ಲೈನಿನ ನಿಜ ಸ್ಪೀಡ್ ತೋರಿಸ್ತದೆ, ಅದನ್ನ ಮಾಡ್ಕೊಳ್ಳಿ, ಮುಂದೆ ಬೇಕಾಗ್ತದೆ.

ಮೊದಲ್ನೇದು, ಎಲ್‌ಸಿಪಿ ಟೈಮ್‌ಔಟ್. ಎಲ್‌ಸಿಪಿ ಅಂದ್ರೆ ಪಿಪಿಪಿ ಶುರುವಿನ ಮಾತುಕತೆ. ಪಿಪಿಪಿಡಿ ಆ ಕಡೆಗೆ ಮಾತಾಡೋಣ ಬಾ ಅಂತ ಕಳಿಸ್ತಾ ಇದೆ, ಆ ಕಡೆಯಿಂದ ಪಿಪಿಪಿ ಭಾಷೆಯಲ್ಲಿ ಉತ್ತರ ಬರ್ತಾ ಇಲ್ಲ. ಹೆಚ್ಚಿನ ಸಲ ಅಲ್ಲಿ ಪಿಪಿಪಿ ಶುರುವೇ ಆಗಿರೋದಿಲ್ಲ, ಲಾಗಿನ್ ಅಂತ ಅಕ್ಷರದಲ್ಲಿ ಕೇಳ್ಕೊಂಡು ಕೂತಿರ್ತದೆ. ನೋಡೋದು ಸುಲಭ. ಪಿಪಿಪಿಡಿ ನಿಲ್ಸಿ, ಮಿನಿಕಾಮ್ (ಮೋಡೆಮ್ ಜೊತೆ ನೇರ ಮಾತಾಡೋ ಪ್ರೋಗ್ರಾಂ) ತೆಗ್ದು ಕೈಯಲ್ಲೇ ಎಟಿಡಿಟಿ ಅನ್ನೋ ಡಯಲ್ ಕಮಾಂಡ್ ಕೊಟ್ಟು ನಂಬರ್ ಹೊಡೀರಿ, ಕನೆಕ್ಟ್ ಆದ್ಮೇಲೆ ಎಂತದೂ ಒತ್ಬೇಡಿ, ಸುಮ್ನೆ ಸ್ಕ್ರೀನ್ ನೋಡಿ. ~ ಚಿಹ್ನೆ, ಮಧ್ಯೆ ಮಧ್ಯೆ } ಬ್ರಾಕೆಟ್ಟು ಇರೋ ಕಸದ ಸಾಲು ಬಂದ್ರೆ ಅದೇ ಪಿಪಿಪಿ, ಪ್ರತಿ ಫ್ರೇಮೂ (ಡೇಟಾದ ಒಂದೊಂದು ಕಟ್ಟು) ಆ ~ ಇಂದಲೇ ಶುರು. ಓದೋಕೆ ಬರೋ ಹಾಗೆ ಲಾಗಿನ್ ಅಂತ ಬಂದ್ರೆ ಚಾಟ್ ಸ್ಕ್ರಿಪ್ಟ್ (ಮೋಡೆಮಿಂದ ಡಯಲ್ ಮಾಡ್ಸೋ ಸಾಲುಗಳು) ಕನೆಕ್ಟಿಗೇ ಮುಗೀಬಾರ್ದು, ಲಾಗಿನ್‌ಗೆ ಕಾದು ಹೆಸ್ರು ಕೊಟ್ಟು, ಪಾಸ್‌ವರ್ಡಿಗೆ ಕಾದು ಅದನ್ನೂ ಕೊಟ್ಟು ಆಮೇಲೆ ಪಿಪಿಪಿಡಿಗೆ ಬಿಡ್ಬೇಕು. ಲಾಗಲ್ಲಿ ಸೀರಿಯಲ್ ಲೈನ್ ಲೂಪ್ಡ್ ಬ್ಯಾಕ್ ಅಂತ ಇದೆಯಾ ಹುಡುಕಿ, ಲಾಗಿನ್ ಪ್ರಾಂಪ್ಟು ನಾವು ಕಳ್ಸಿದ್ದನ್ನೇ ಎಕೋ ಮಾಡಿದ್ರೆ ಪಿಪಿಪಿಡಿ ಹಾಗೆ ಹೇಳ್ತದೆ. ಲಿಂಕ್ 8 ಬಿಟ್ ಕ್ಲೀನ್ ಇಲ್ಲ, ಬಿಟ್ 7 ಎಲ್ಲಾ ಸೊನ್ನೆ ಅಂತ ಬರೋದಕ್ಕೂ ಬಹಳ ಸಲ ಇದೇ ಕಾರಣ, ಬರೀ ಇಂಗ್ಲಿಷ್ ಅಕ್ಷರದಲ್ಲಿ ಬಿಟ್ 7 ಯಾವಾಗ್ಲೂ ಸೊನ್ನೇನೇ ಅಲ್ವಾ.

ಐಪಿ ಸಿಕ್ಕೂ ಎಂತದೂ ಓಪನ್ ಆಗದೇ ಇರೋದಕ್ಕೆ ಕನೆಕ್ಟ್ ಇರುವಾಗ ರೂಟ್ ಮೈನಸ್ ಎನ್ ಕೊಟ್ಟು ನೋಡಿ. 0.0.0.0 ಸಾಲು, ಅಂದ್ರೆ ಡೇಟಾ ಹೊರಗೆ ಹೋಗೋ ದಾರಿ, ಪಿಪಿಪಿ0 (ಮೋಡೆಮ್) ಕಡೆ ಇದೆಯೋ ಈಥ್0 (ಲ್ಯಾನ್) ಕಡೆ ಇದೆಯೋ? ಸರ್ವರ್ ಲ್ಯಾನಲ್ಲಿದೆ ಅಂದ್ರೆ ಯಾರೋ ಇಂಟರ್ಫೇಸಸ್ ಫೈಲಲ್ಲಿ ಗೇಟ್‌ವೇ ಬರ್ದಿಟ್ಟಿರೋ ಸಾಧ್ಯತೆ ಜಾಸ್ತಿ. ಡಿಫಾಲ್ಟ್‌ರೂಟ್ ಅಂತ ಆಪ್ಷನ್ ಕೊಟ್ರೂ ಮುಂಚೆ ಇದ್ದ ರೂಟನ್ನ ಪಿಪಿಪಿಡಿ ಮುಟ್ಟೋದಿಲ್ಲ, ನಾಟ್ ರಿಪ್ಲೇಸಿಂಗ್ ಅಂತ ಲಾಗಲ್ಲಿ ಒಂದು ಸಾಲು ಬರ್ದು ಸುಮ್ನಾಗ್ತದೆ. ರೂಟ್ ಸರಿ ಇದ್ದು, ಐಪಿಗೆ ಪಿಂಗ್ ಹೋಗಿ, ಹೆಸ್ರಿಗೆ ಮಾತ್ರ ಹೋಗದಿದ್ರೆ ತೊಂದ್ರೆ ಡಿಎನ್‌ಎಸ್‌ದು (ಹೆಸ್ರಿಂದ ಐಪಿ ಹುಡುಕೋದು), ಯೂಸ್‌ಪೀರ್‌ಡಿಎನ್‌ಎಸ್ ಆಪ್ಷನ್ ಹಾಕಿ.

ಮಳೆ ವಿಷ್ಯ ಕಾರವಾರದವ್ರು ಯಾರಾದ್ರೂ ಹೇಳ್ತಾರೆ. ಆದ್ರೆ ಡೀಬಗ್ ಆಪ್ಷನ್ ಹಾಕಿ ಬಿದ್ದಾಗಿನ ಲಾಗ್ ತಪ್ಪದೇ ಹಾಕಿ, ಬಿದ್ದೋಯ್ತು ಅಂತ ಹೇಳಿದ್ರೆ ಸಾಕಾಗೋದಿಲ್ಲ. ಮೋಡೆಮ್ ಹ್ಯಾಂಗಪ್ ಅಂತ ಇದ್ರೆ ಕ್ಯಾರಿಯರ್ ಹೋಗಿದೆ. ಎಲ್‌ಸಿಪಿ ಟರ್ಮಿನೇಟೆಡ್ ಬೈ ಪೀರ್ ಅಂದ್ರೆ ಆ ಕಡೆಯವ್ರೇ ಮರ್ಯಾದೆಯಾಗಿ ಮುಗ್ಸಿದ್ದು. 4 ಎಕೋ ರಿಕ್ವೆಸ್ಟಿಗೆ (ಇದ್ದೀರಾ ಅಂತ ಕೇಳೋದಕ್ಕೆ) ಉತ್ತರ ಇಲ್ಲ ಅಂತಿದ್ರೆ ಲೈನ್ ಹಿಡ್ಕೊಂಡೇ ಇದೆ, ಡೇಟಾ ಮಾತ್ರ ಬರ್ತಿಲ್ಲ. ಕೆಳಗೆ ಕನೆಕ್ಟ್ ಟೈಮ್ ಇಷ್ಟು ಮಿನಿಟ್ಸ್ ಅಂತ ಇರ್ತದೆ, ಅದು ಪ್ರತಿ ಸಲ ಒಂದೇ ಇದ್ರೆ ಐಡಲ್ ಆಪ್ಷನ್ನೋ (ಸುಮ್ನಿದ್ರೆ ಕಟ್ ಮಾಡೋದು) ಅವರ ಕಡೆ ಟೈಮ್ ಲಿಮಿಟ್ಟೋ ಇರ್ಬೇಕು, ಹೆಚ್ಚುಕಮ್ಮಿ ಆಗ್ತಿದ್ರೆ ಲೈನ್.

ಕಾಜುಬಾಗ್ ಕೇಬಲ್:

ಕಾರವಾರದಿಂದ ನಮಸ್ಕಾರ. ಕಂಪ್ಯೂಟರ್ ಕಡೆ ಮೇಲಿನವ್ರು ಚೆನ್ನಾಗಿ ಹೇಳಿದ್ದಾರೆ, ನಾನು ತಂತಿ ಕಡೆ ಹೇಳ್ತೇನೆ. ಇಲ್ಲಿ ಸಮುದ್ರದ ಉಪ್ಪುಗಾಳಿಗೆ ತಾಮ್ರ ಹಸಿರಾಗಿ ಹೋಗ್ತದೆ, ನಿಮ್ಮಲ್ಲಿ ಘಟ್ಟದ ಮಳೆ ಜಾಯಿಂಟೊಳಗೆ ಇಳೀತದೆ, ಕೊನೆಗೆ ಆಗೋದು ಒಂದೇ. ಮಾತಾಡೋಕೆ ಫೋನ್ ಸರಿ ಇದೆ ಅಂದ ಮಾತ್ರಕ್ಕೆ ಮೋಡೆಮಿಗೂ ಸರಿ ಇದೆ ಅಂತಲ್ಲ, ಕಿವಿ ಚಟಚಟ ಸದ್ದನ್ನ ತಡ್ಕೊಳ್ತದೆ, ಮೋಡೆಮ್ ತಡ್ಕೊಳ್ಳೋದಿಲ್ಲ.

ಮಳೆ ಬರ್ತಿರುವಾಗ್ಲೇ ಮಾಡಿ, ಬಿಸಿಲಲ್ಲಿ ಮಾಡಿ ಉಪ್ಯೋಗ ಇಲ್ಲ. ರಿಸೀವರ್ ಎತ್ತಿ ಒಂದೇ ಅಂಕೆ ಒತ್ತಿ, ಡಯಲ್ ಟೋನ್ ನಿಲ್ತದೆ, ಆ ನಿಶ್ಶಬ್ದದಲ್ಲಿ ಕಿವಿ ಕೊಟ್ಟು ಕೇಳಿ. ಚಟಪಟ, ಬುಸ್ ಅನ್ನೋ ಸದ್ದು, ಬೇರೆಯವರ ಮಾತು ದೂರದಿಂದ ಕೇಳ್ಸಿದ್ರೆ ಲೈನೇ ಕಾರಣ. ಆಮೇಲೆ ಒಳಗಿನ ಪ್ಯಾರಲಲ್ ಫೋನು, ಕಾಲರ್ ಐಡಿ ಡಬ್ಬಿ ಎಲ್ಲ ಕಿತ್ತು, ಹೊರಗಿಂದ ಬಂದ ತಂತಿ ನೇರ ಮೋಡೆಮಿಗೇ ಬರೋ ಹಾಗೆ ಮಾಡಿ ನೋಡಿ. ಮ್ಯಾನೇಜರ್ ಟೇಬಲ್ ಮೇಲೆ ಇನ್ನೊಂದು ಫೋನ್ ಇದ್ದೇ ಇರ್ತದೆ ಸೊಸೈಟಿಯಲ್ಲಿ, ಅದನ್ನ ಯಾರಾದ್ರೂ ಎತ್ತಿದ್ರೂ ಸಾಕು ಕ್ಯಾರಿಯರ್ ಹೋಗೋಕೆ. ಕಾಲ್ ವೇಟಿಂಗ್ ಇದ್ರೆ ತೆಗಿಸ್ಬಿಡಿ, ಆ ಬೀಪೂ ಲೈನ್ ಬೀಳ್ಸ್ತದೆ.

ಲೈನ್‌ಮನ್ ಬರೋವರೆಗೆ ಮಾಡ್ಬಹುದಾದ್ದು ಎರಡು. ಎಸ್10 ಅನ್ನೋ ರಿಜಿಸ್ಟರ್ ಕ್ಯಾರಿಯರ್ ಕಣ್ಮರೆ ಆದ್ಮೇಲೆ ಎಷ್ಟು ಹೊತ್ತು ಕಾದು ಫೋನ್ ಇಡ್ಬೇಕು ಅಂತ ಹೇಳೋದು, ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಕೆಲವು ಮೋಡೆಮಲ್ಲಿ 14 ಇರ್ತದೆ, ಅಂದ್ರೆ 1.4 ಸೆಕೆಂಡು, ಅದನ್ನ 50 ಮಾಡಿ. ಇನ್ನೊಂದು, 56ಕೆಯ ವಿ.90 ಕ್ರಮ ಬಿಟ್ಟು ಹಳೇ ವಿ.34ಕ್ಕೆ ಇಳಿಸಿ, ಅದು 33600 ದಾಟೋದಿಲ್ಲ, ಆದ್ರೆ ಉದ್ದ ಲೈನಲ್ಲಿ ನಿಲ್ತದೆ. ಪ್ಲಸ್ ಎಂಎಸ್ ಕಮಾಂಡಲ್ಲಿ ಆಗೋದು, ಬರಿಯೋ ರೀತಿ ಮೋಡೆಮಿಂದ ಮೋಡೆಮಿಗೆ ಬೇರೆ, ಅದರ ಪುಸ್ತಕ ನೋಡಿ ಹಾಕಿ. ಎಷ್ಟಂದ್ರೂ ನಿಮ್ಗೆ ಬೇಕಾಗಿದ್ದು ನಾಲ್ಕು ಸಾಲು ರೇಟು, ಸ್ಪೀಡ್ ಅಲ್ಲ.

ಬನವಾಸಿ ಬಿಎಸ್‌ಡಿ:

ನಂದು ಲಿನಕ್ಸ್ ಅಲ್ಲ, ಫ್ರೀಬಿಎಸ್‌ಡಿ, ಅದ್ರಲ್ಲೂ ಇದೇ ಕಥೆ ಬರ್ತದೆ ಅಂತ ಹುಡ್ಕಿ ಬಂದವ್ರಿಗೆ ಹೇಳ್ತಿದ್ದೇನೆ. ಅಲ್ಲಿ ಪಿಪಿಪಿ.ಕಾನ್ಫ್ ಫೈಲಲ್ಲಿ ಸೆಟ್ ಲಾಗ್ ಫೇಸ್ ಚಾಟ್ ಎಲ್‌ಸಿಪಿ ಹಾಕಿದ್ರೆ ಎಲ್ಲಿ ನಿಂತಿದೆ ಅಂತ ಕಾಣ್ತದೆ, ರೂಟಿಗೆ ಆಡ್ ಡಿಫಾಲ್ಟ್ ಹಿಸ್‌ಅಡ್ರ್, ಹೆಸ್ರಿಗೆ ಎನೇಬಲ್ ಡಿಎನ್‌ಎಸ್.

ಹುಲೇಕಲ್ ಅವ್ರೆ, ಯಾರೂ ಕೇಳದೇ ಇರೋ ಒಂದು ಪ್ರಶ್ನೆ, ನಿಮ್ಮ ಸೀರಿಯಲ್ ಪೋರ್ಟಿನ ಚಿಪ್ ಯಾವ್ದು? ಪ್ರಾಕ್ ಒಳಗೆ ಟಿಟಿವೈ, ಅದರೊಳಗೆ ಡ್ರೈವರ್, ಅಲ್ಲಿ ಸೀರಿಯಲ್ ಅಂತ ಫೈಲ್ ಇರ್ತದೆ, ಕ್ಯಾಟ್ ಮಾಡಿ. 16550ಎ ಅಂತ ಇದ್ರೆ ಒಳ್ಳೇದು, 16 ಬೈಟ್ ಬಫರ್ ಇದೆ. 486 ಅಂತ ಹೇಳ್ತಿದ್ದೀರಲ್ಲ, 16450 ಇದ್ರೆ ಅದ್ರಲ್ಲಿ ಒಂದೇ ಬೈಟಿನ ಜಾಗ, 115200ಕ್ಕೆ ಇಟ್ರೆ ಸಿಪಿಯು ಬಂದು ಎತ್ಕೊಳ್ಳೋದ್ರೊಳಗೆ ಮುಂದಿನ ಬೈಟ್ ಬಂದು ಹಳೇದು ಹೋಗ್ತದೆ. ಅದೇ ಸಾಲಲ್ಲಿ ಒಇ ಅಂತ ಒಂದು ಅಂಕೆ ಇದ್ರೆ ಅದು ಹೀಗೆ ಕಳೆದು ಹೋದ ಲೆಕ್ಕ. ಇದು ಹೊರಗಿಂದ ನೋಡೋಕೆ ಲೈನ್ ಕೆಟ್ಟ ಹಾಗೇ ಕಾಣೋದು, ಲೈನ್‌ಮನ್ ಬಂದು ತಂತಿಯೆಲ್ಲಾ ಬದಲಾಯಿಸಿದ್ರೂ ಸರಿ ಹೋಗೋದಿಲ್ಲ.

ಹುಲೇಕಲ್ ದಾರಿ:

ಎಲ್ರಿಗೂ ತುಂಬಾ ಉಪಕಾರ ಆಯ್ತು, ಹೇಳಿದ್ದೆಲ್ಲ ಒಂದೊಂದೇ ಮಾಡ್ದೆ.

ಮಿನಿಕಾಮಲ್ಲಿ ಕುಮಟೆಯವ್ರು ಹೇಳಿದ ಹಾಗೇ ಲಾಗಿನ್ ಅಂತ ಬಂತು. ವಿಶೇಷ ಅಂದ್ರೆ ಕೆಲವು ಸಲ ಲಾಗಿನ್ ಇಲ್ದೇ ನೇರ ~ ಬರ್ತದೆ, ಆ ಕಡೆ ಎರಡು ಥರದ ಮಷಿನ್ ಇದ್ದ ಹಾಗಿದೆ, ಅದಕ್ಕೇ ಒಮ್ಮೊಮ್ಮೆ ತಾನಾಗೇ ಆಗ್ತಿದ್ದಿದ್ದು. ಗೇಟ್‌ವೇನೂ ಇತ್ತು, ಲ್ಯಾನ್ ಹಾಕ್ದವ್ರು ಬರ್ದಿದ್ದು, ತೆಗ್ದ ಕೂಡ್ಲೇ ಎಲ್ಲಾ ಓಪನ್ ಆಯ್ತು. ಮಳೆಯಲ್ಲಿ ಬಿದ್ದಾಗಿನ ಲಾಗಲ್ಲಿ ಎರಡೂ ಇದೆ, ಕೆಲವು ಕಡೆ ಮೋಡೆಮ್ ಹ್ಯಾಂಗಪ್, ಕೆಲವು ಕಡೆ ಎಕೋಗೆ ಉತ್ತರ ಇಲ್ಲ. ಫೋನಲ್ಲಿ ಚಟಚಟ ಸ್ಪಷ್ಟ ಕೇಳ್ತದೆ. ಚಿಪ್ 16450, ಒಇ ಮೂರಂಕಿಯಲ್ಲಿದೆ, ಫೈಲ್ ಇಳಿಸುವಾಗ ಏರ್ತಾನೇ ಇದೆ. ಚಾಟ್ ಸ್ಕ್ರಿಪ್ಟಲ್ಲಿ ಲಾಗಿನ್‌ಗೆ ಕಾಯೋಕೆ ಹೇಳಿದ್ರೆ ನೇರ ~ ಬಂದಾಗ ಅದು ಅಲ್ಲೇ ಸಿಕ್ಕಿ ಬೀಳ್ತದಲ್ಲ, ಅದಕ್ಕೆಂತ ಮಾಡೋದು?

ಕುಮಟೆ ಕನ್ಸೋಲ್:

ಚಾಟಲ್ಲಿ ಅದಕ್ಕೂ ದಾರಿ ಇದೆ. ಲಾಗಿನ್‌ಗೆ ಕಾಯೋ ಬದ್ಲು ~ ಗೆ ಕಾಯಿರಿ, ಟೈಮ್‌ಔಟ್ 5 ಇಡಿ. ಅಷ್ಟರಲ್ಲಿ ~ ಬಂದ್ರೆ ಸ್ಕ್ರಿಪ್ಟ್ ಮುಗೀಲಿ, ಪಿಪಿಪಿಡಿ ಶುರು ಆಗ್ಲಿ, ಯೂಸರ್ ಪಾಸ್‌ವರ್ಡ್ ಪ್ಯಾಪ್ ಸೀಕ್ರೆಟ್ಸ್ ಫೈಲಿಂದ ಹೋಗ್ತದೆ. ~ ಬರದೇ ಇದ್ರೆ ಚಾಟ್ ಫೇಲಾಗಿ ವಾಪಸ್ ಬರ್ತದೆ, ಆಗ ಕನೆಕ್ಟ್‌ಗೆ ಕೊಟ್ಟ ಶೆಲ್ ಸ್ಕ್ರಿಪ್ಟಿಂದ ಲಾಗಿನ್ ಇರೋ ಎರಡನೇ ಚಾಟ್ ಓಡ್ಸಿ. ಲೈನ್ ಬಿಟ್ಟಿರೋದಿಲ್ಲ, ಪ್ರಾಂಪ್ಟ್ ಹೋಗಿದ್ರೆ ಒಂದು ಎಂಟರ್ ಕಳ್ಸಿದ್ರೆ ಮತ್ತೆ ಬರ್ತದೆ. ಸೀಕ್ರೆಟ್ಸ್ ಫೈಲ್ ರೂಟ್ (ಸರ್ವರಿನ ಮುಖ್ಯ ಯೂಸರ್) ಬಿಟ್ಟು ಬೇರೆಯವ್ರು ಓದೋ ಹಾಗೆ ಇಡ್ಬೇಡಿ, ಪರ್ಮಿಷನ್ 600.

ಸೀರಿಯಲ್ ಸ್ಪೀಡ್ 38400ಕ್ಕೆ ಇಳ್ಸಿ, ಸಿಆರ್‌ಟಿಎಸ್‌ಸಿಟಿಎಸ್ (ಬಫರ್ ತುಂಬಿದ್ರೆ ತಡಿ ಅಂತ ಹೇಳೋ ಆಪ್ಷನ್) ಇದೆಯಾ ನೋಡಿ. ಲೈನೇ 33600 ಆದ್ಮೇಲೆ ಕೇಬಲ್ 115200 ಇದ್ದು ಎಂತ ಮಾಡ್ಬೇಕು. ಒಇ ನಿಂತ್ಮೇಲೂ ಬಿದ್ರೆ ಆಗ ಅದು ಪೂರ್ತಿ ತಂತಿಯ ಮೇಲೆ, ಅದನ್ನ ಕಾಗದದಲ್ಲಿ ಬರ್ದು ಕಂಪ್ಲೇಂಟ್ ಕೊಡ್ಬಹುದು.

ಕಾಜುಬಾಗ್ ಕೇಬಲ್:

ಕಂಪ್ಲೇಂಟ್ ಕೊಡುವಾಗ ಇಂಟರ್ನೆಟ್ ಬರೋದಿಲ್ಲ ಅಂತ ಬರಿಬೇಡಿ, ಮಾತಾಡುವಾಗ ಲೈನಲ್ಲಿ ಸದ್ದು ಬರ್ತದೆ ಅಂತ ಬರೀರಿ, ಮಳೆ ಬಂದ ದಿನದ ತಾರೀಕು ಹಾಕಿ. ಇನ್ನೊಂದು ವಿಷ್ಯ, ಗುಡುಗು ಶುರು ಆದಾಗ ಸರ್ವರ್ ಆಫ್ ಮಾಡಿ ಸುಮ್ನಾಗ್ಬೇಡಿ. ಫೋನ್ ತಂತಿಯನ್ನೂ ಮೋಡೆಮಿಂದ ಕಿತ್ತಿಡಿ, ಸಿಡಿಲು ತಂತಿಯಲ್ಲಿ ಬಂದು ಮೋಡೆಮ್ ಸುಟ್ಟು ಸೀರಿಯಲ್ ಕೇಬಲ್ಲಿಂದ ಮದರ್‌ಬೋರ್ಡಿಗೆ ಹೋಗಿದ್ದು ಇಲ್ಲಿ ರಿಪೇರಿಗೆ ಬಂದ ಮಷಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅಡಿಕೆ ಖಾತೆ ಅದ್ರಲ್ಲಿದೆ ಅಂತೀರಿ, ಹಾಗಾಗಿ ಹೇಳಿದ್ದು.

ಹುಲೇಕಲ್ ದಾರಿ:

38400 ಮಾಡಿದ್ಮೇಲೆ ಒಇ ನಿಂತಿದೆ, ಎಕೋ ತೊಂದ್ರೆಯೂ ಹೋಯ್ತು. ಎರಡು ಚಾಟ್ ಸ್ಕ್ರಿಪ್ಟ್ ಚೆನ್ನಾಗಿ ನಡೀತಿದೆ, ನಿನ್ನೆ ಸಂಜೆ ರೇಟೆಲ್ಲ ಬಂತು. ಜೋರು ಮಳೆಗೆ ಮೋಡೆಮ್ ಹ್ಯಾಂಗಪ್ ಈಗ್ಲೂ ಇದೆ, ವಿ.34ಕ್ಕೆ ಇಳಿಸಿದ್ಮೇಲೆ ಕಮ್ಮಿ. ಲಾಗ್ ಪ್ರಿಂಟ್ ತೆಗ್ದು ಕಂಪ್ಲೇಂಟ್ ಜೊತೆ ಕೊಟ್ಟಿದ್ದೇನೆ, ರಸ್ತೆ ತಿರುವಿನ ಕಂಬದ ಜಾಯಿಂಟ್ ನೋಡೋಕೆ ಲೈನ್‌ಮನ್ ಬರ್ತೇನೆ ಅಂದಿದ್ದಾರೆ. ಹೊಸ ಮೋಡೆಮ್ ಬೇಡ ಅಂತ ಮ್ಯಾನೇಜರಿಗೆ ಹೇಳಿ ಆಯ್ತು.