ಮಾಲೀಕನೇ ಕಿರುಕುಳ ಕೊಟ್ಟರೆ ದೂರು ಯಾರಿಗೆ?

ಪ್ರಶ್ನೆ
ಏಳೇ ಜನ ಹೆಣ್ಣುಮಕ್ಕಳು ದುಡಿಯುವ ಸಣ್ಣ ಗಾರ್ಮೆಂಟ್ಸ್ ಘಟಕ. ಮಾಲೀಕ ಮೈ ಮುಟ್ಟುತ್ತಾನೆ, ರಾತ್ರಿ ವಾಟ್ಸಾಪ್‌ನಲ್ಲಿ ಅಸಹ್ಯ ಮೆಸೇಜು ಹಾಕುತ್ತಾನೆ. ಒಬ್ಬಾಕೆ ದೂರು ಕೊಡುವ ಧೈರ್ಯ ಮಾಡಿದ್ದಾಳೆ. ಅಲ್ಲಿ ಇಂಥ ದೂರು ಕೇಳುವ ಸಮಿತಿಯೇ ಇಲ್ಲ. ಕೊನೆಯ ಘಟನೆಗೆ ಎರಡು ತಿಂಗಳಾಯಿತು. ಪೊಲೀಸ್ ಠಾಣೆಯೊಂದೇ ದಾರಿಯಾ?

ಉತ್ತರ 1
ಅಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ವಿಳಾಸ ಜಿಲ್ಲಾಧಿಕಾರಿ ಕಚೇರಿಯಲ್ಲೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲೋ ಸಿಗುತ್ತದೆ. ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಟ್ಟರೆ ಅವರು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ಕೊನೆಯ ಘಟನೆಯಿಂದ 3 ತಿಂಗಳು ಗಡುವು. ತಡವಾದದ್ದಕ್ಕೆ ಕಾರಣ ಕೊಟ್ಟರೆ ಸಮಿತಿ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ, ಈ ವಾರವೇ ಕೊಡಿಸಿ. ದೂರಿನ 6 ಪ್ರತಿ ಬೇಕು. ಆಕೆಗೆ ಬರೆಯಲು ಬಾರದಿದ್ದರೆ ಬರೆಸಿಕೊಳ್ಳುವ ಹೊಣೆ ಸಮಿತಿಯದು. ಸೀಲು ಹಾಕಿದ ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ.

ಉತ್ತರ 2
ದೂರುಗಳು ಸೋಲುವುದು ಹೆಚ್ಚಾಗಿ ಬರವಣಿಗೆಯಲ್ಲಿ. ‘ಅಸಭ್ಯವಾಗಿ ನಡೆದುಕೊಂಡ’ ಎಂದಷ್ಟೇ ಬರೆದರೆ ವಿಚಾರಣೆಗೆ ಹಿಡಿತವೇ ಸಿಗುವುದಿಲ್ಲ. ಯಾವ ದಿನ, ಯಾವ ಮಷೀನಿನ ಹತ್ತಿರ, ಎಲ್ಲಿ ಮುಟ್ಟಿದ, ಬಾಯಲ್ಲಿ ಬಂದ ಮಾತೇನು, ಪಕ್ಕದಲ್ಲಿ ಯಾರಿದ್ದರು ಎಂಬುದೆಲ್ಲ ಇರಲಿ. ಹೇಳಲು ನಾಚಿಕೆಯಾಗುವ ಮಾತನ್ನೂ ಅವನು ಆಡಿದ ಹಾಗೆಯೇ ಬರೆಸಿ. ನಾಚಬೇಕಾದವನು ಅವನು. ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ನಂಬರು, ದಿನಾಂಕ, ಸಮಯ ಮೂರೂ ಕಾಣಬೇಕು, ಮೂಲ ಮೆಸೇಜು ಫೋನಿನಲ್ಲೇ ಉಳಿಯಬೇಕು.

ವಿಚಾರಣೆ ಮುಗಿಯಲು 90 ದಿನ ಇದೆ. ಅಷ್ಟು ದಿನ ಅವನ ಕಣ್ಣೆದುರೇ ದುಡಿಯುವುದು ಕಷ್ಟ. 3 ತಿಂಗಳವರೆಗಿನ ರಜೆ ಕೊಡಿಸಿ ಎಂದು ಆಕೆ ಲಿಖಿತವಾಗಿ ಕೇಳಬೇಕು, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಊರ ಹಿರಿಯರು ‘ದುಡ್ಡು ಕೊಟ್ಟು ಮುಗಿಸೋಣ’ ಎಂದು ಬಂದೇ ಬರುತ್ತಾರೆ. ಆಕೆಯೇ ಕೇಳಿದರೆ ಮಾತ್ರ ರಾಜಿ, ಅದೂ ಹಣದ ಆಧಾರದ ಮೇಲೆ ಕೂಡದು ಎಂದು ಕಾಯ್ದೆಯಲ್ಲೇ ಇದೆ.

ಉತ್ತರ 3
ಪೊಲೀಸ್ ದೂರನ್ನೂ ಜೊತೆಗೇ ಕೊಡಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 75 ಲೈಂಗಿಕ ಕಿರುಕುಳಕ್ಕೆ. ಬೇಡವೆಂದರೂ ಮೆಸೇಜು ಹಾಕಿ ಬೆನ್ನುಬಿದ್ದರೆ 78. ಸಮಿತಿಯ ಮುಂದೆ ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ. ಕೋರ್ಟಿನ ಕೆಲಸಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

‘ಸಾಬೀತಾಗದಿದ್ದರೆ ನಿನಗೇ ಶಿಕ್ಷೆ’ ಎಂದು ಹೆದರಿಸಿದರೆ 2013ರ ಕಾಯ್ದೆಯ ಕಲಂ 14 ತೋರಿಸಿ: ಪುರಾವೆ ಸಾಲಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ಉಳಿದ ಆರು ಜನರಲ್ಲಿ ಕಂಡವರಿದ್ದರೆ ಅವರ ಹೆಸರನ್ನು ದೂರಿನಲ್ಲೇ ಸಾಕ್ಷಿಗಳಾಗಿ ಸೇರಿಸಿ.