ಕಾರ್ಪೊರೇಟ್ ಸೇಲ್ಸ್ ಇಂಟರ್‌ವ್ಯೂ: ಮ್ಯಾನೇಜರ್ ರೌಂಡ್‌ನಲ್ಲಿ ಏನೇನು ಕೇಳ್ತಾರೆ?

ತುಮಕೂರು_ಬಿಕಾಂ:

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ತುಮಕೂರಿನಲ್ಲಿ ಬಿಸ್ಕತ್ತು, ಚಿಪ್ಸ್ ಡಿಸ್ಟ್ರಿಬ್ಯೂಟರ್ ಒಬ್ಬರ ಹತ್ತಿರ ಸೇಲ್ಸ್ ಕೆಲಸ ಮಾಡ್ತಿದ್ದೇನೆ. ಅಂಗಡಿ ಅಂಗಡಿ ಸುತ್ತಿ ಆರ್ಡರ್ ತರೋದು, ಹಳೇ ಬಾಕಿ ವಸೂಲಿ ಮಾಡೋದು. ಈಗ ಬೆಂಗಳೂರಿನ ಒಂದು ಇಂಟರ್ನೆಟ್ ಕಂಪನಿಯಲ್ಲಿ ಕಾರ್ಪೊರೇಟ್ ಸೇಲ್ಸ್‌ಗೆ ಕರೆದಿದ್ದಾರೆ. ಆಫೀಸು, ಫ್ಯಾಕ್ಟರಿಗಳಿಗೆ ಲೀಸ್ಡ್ ಲೈನ್, ಅಂದರೆ ಅವರಿಗಷ್ಟೇ ಮೀಸಲಾದ ಇಂಟರ್ನೆಟ್ ಲೈನ್, ಮಾರುವ ಕೆಲಸ. ಎಚ್‌ಆರ್ ಫೋನ್‌ನಲ್ಲೇ ಮಾತಾಡಿ ಮುಗಿಸಿದರು. ಮುಂದಿನದು ಏರಿಯಾ ಮ್ಯಾನೇಜರ್ ಜೊತೆ ನೇರ ಇಂಟರ್‌ವ್ಯೂ, ಅದರಲ್ಲಿ ರೋಲ್ ಪ್ಲೇ (ಅವರು ಗ್ರಾಹಕರ ಹಾಗೆ ನಟಿಸೋದು, ನಾನು ಮಾರೋದು) ಇರುತ್ತಂತೆ. ಸಿಟಿಸಿ (ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 6 ಲಕ್ಷ, ಅದರಲ್ಲಿ 30% ವೇರಿಯಬಲ್, ಅಂದರೆ ಟಾರ್ಗೆಟ್ ಮೇಲೆ ಸಿಗೋದು.

ಇಂಥ ಇಂಟರ್‌ವ್ಯೂಗೆ ಹೋಗಿ ಬಂದವರು ಹೇಳಿ, ಏನು ಕೇಳಿದರು? ಅಂಗಡಿ ಸೇಲ್ಸ್ ಮಾಡಿದವನು ಅಂದರೆ ಕೀಳಾಗಿ ನೋಡ್ತಾರಾ? ನನ್ನ ಇಂಗ್ಲಿಷ್ ಓದೋಕೆ ಬರೆಯೋಕೆ ಪರವಾಗಿಲ್ಲ, ಮಾತಾಡುವಾಗ ತಡವರಿಸುತ್ತೇನೆ. ಅದೇ ದೊಡ್ಡ ಚಿಂತೆ.

ಲಿಂಕ್_ಅಪ್:

ನಾನು ಇದೇ ಲೈನ್‌ನಲ್ಲಿದ್ದೇನೆ, ಬೊಮ್ಮಸಂದ್ರ, ಜಿಗಣಿ ಕಡೆ. ಮೊದಲು ಪ್ರಾಡಕ್ಟ್ ತಿಳ್ಕೊಂಡು ಹೋಗಿ, ಅರ್ಧ ಜನ ಅಲ್ಲೇ ಬೀಳ್ತಾರೆ. "ಮನೆ ಬ್ರಾಡ್‌ಬ್ಯಾಂಡ್ ಸಾವಿರ ರೂಪಾಯಿಗೆ ಬರುತ್ತೆ, ನಿಮ್ಮದಕ್ಕೆ ಯಾಕೆ ಅಷ್ಟು ದುಡ್ಡು?" ಅಂತ ಕೇಳೇ ಕೇಳ್ತಾರೆ. ಬ್ರಾಡ್‌ಬ್ಯಾಂಡ್ ಸ್ಪೀಡ್ ಹತ್ತಾರು ಜನರ ನಡುವೆ ಹಂಚಿಹೋಗುತ್ತೆ. ಲೀಸ್ಡ್ ಲೈನ್ ಆ ಗ್ರಾಹಕನಿಗಷ್ಟೇ ಮೀಸಲು, ಅಪ್‌ಲೋಡ್ ಡೌನ್‌ಲೋಡ್ ಎರಡೂ ಒಂದೇ ಸ್ಪೀಡ್, ಜೊತೆಗೆ ಕಂಪನಿ ಅಪ್‌ಟೈಮ್, ಅಂದರೆ ಲೈನ್ ಎಷ್ಟು ಹೊತ್ತು ಬೀಳದೆ ನಡೆಯುತ್ತೆ ಅಂತ, ಬರೆದುಕೊಡುತ್ತೆ.

ಈ ಅಪ್‌ಟೈಮ್ ಲೆಕ್ಕ ಬಾಯಲ್ಲಿರಲಿ. ತಿಂಗಳಿಗೆ 720 ಗಂಟೆ ಅಂತ ಇಟ್ಟುಕೊಳ್ಳಿ. 99.5% ಅಂದರೆ ತಿಂಗಳಿಗೆ 3.6 ಗಂಟೆ ಲಿಂಕ್ ಬಿದ್ದರೂ ಕಂಪನಿ ಮಾತು ತಪ್ಪಿದ ಹಾಗಲ್ಲ. 99.9% ಅಂದರೆ ಅದು ಸುಮಾರು 43 ನಿಮಿಷಕ್ಕೆ ಇಳಿಯುತ್ತೆ. ಇಷ್ಟನ್ನು ತಡವರಿಸದೆ ಹೇಳಿದರೆ ಎದುರಿಗೆ ಕೂತವರು ಅಲ್ಲೇ ಸ್ವಲ್ಪ ನೆಟ್ಟಗೆ ಕೂರ್ತಾರೆ.

ರೋಲ್ ಪ್ಲೇ ಬಗ್ಗೆ. ನನಗೆ ಆಗಿದ್ದು ಹೀಗೆ. ಮ್ಯಾನೇಜರ್ ಫ್ಯಾಕ್ಟರಿಯ ಪರ್ಚೇಸ್ ಆಫೀಸರ್ ಆದರು. ಲ್ಯಾಪ್‌ಟಾಪ್ ನೋಡ್ತಾನೇ, ತಲೆ ಎತ್ತದೆ, "ನಮ್ಮಲ್ಲಿ ಆಗ್ಲೇ ಲೈನ್ ಇದೆ, ಬ್ರೋಷರ್ ಇಟ್ಟು ಹೋಗಿ" ಅಂದರು. ನಾನು ಬ್ರೋಷರ್ ತೆಗೀಲಿಲ್ಲ. "ಸರಿ ಸಾರ್. ಹೋದ ಸಲ ಲೈನ್ ಬಿದ್ದಾಗ ಇ-ವೇ ಬಿಲ್ ಹೇಗೆ ತೆಗೆದ್ರಿ?" ಅಂತ ಕೇಳಿದೆ. ಆಗ ತಲೆ ಎತ್ತಿದರು. ಇ-ವೇ ಬಿಲ್ ಅಂದರೆ ಮಾಲು ಸಾಗಿಸೋಕೆ ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಪರವಾನಗಿ ಚೀಟಿ. ಲಾರಿ ಲೋಡ್ ಆಗಿ ಗೇಟ್ ಹತ್ತಿರ ನಿಂತಿರುತ್ತೆ, ನೆಟ್ ಇಲ್ಲ, ಬಿಲ್ ಇಲ್ಲ, ಗಾಡಿ ಹೊರಗೆ ಬಿಡೋ ಹಾಗಿಲ್ಲ. ಫ್ಯಾಕ್ಟರಿಯವರಿಗೆ ನೋವು ಗೊತ್ತಾಗೋದು ಇಂಥ ಜಾಗದಲ್ಲಿ, ಎಂಬಿಪಿಎಸ್ ಅನ್ನೋ ಸ್ಪೀಡ್ ಲೆಕ್ಕದಲ್ಲಿ ಅಲ್ಲ. ಆಮೇಲೆ ನಾನು ಕೇಳ್ತಾ ಹೋದೆ, ಈಗಿನ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತೆ, ತೀರ್ಮಾನ ತಗೊಳ್ಳೋದು ಐಟಿಯವರಾ, ಪರ್ಚೇಸಾ, ಮಾಲೀಕರಾ ಅಂತ. ರೇಟ್ ಮಾತು ಎತ್ತಲೇ ಇಲ್ಲ. ಅವರೇ ಕೇಳಿದಾಗ, ನಿಮ್ಮ ಜಾಗಕ್ಕೆ ಫೈಬರ್ ಬರುತ್ತಾ ಅಂತ ಫೀಸಿಬಿಲಿಟಿ ನೋಡಿ ಹೇಳ್ತೀನಿ ಅಂದೆ. ನೋಡದೆ ರೇಟ್ ಕೊಡೋದು ಈ ವ್ಯವಹಾರದಲ್ಲಿ ದೊಡ್ಡ ತಪ್ಪು.

ಇನ್ನೊಂದು, ನೀವು ಬಿ.ಕಾಂ. ಅಲ್ವಾ, ಅದನ್ನು ಬಳಸಿಕೊಳ್ಳಿ. ಇಂಟರ್ನೆಟ್ ಬಿಲ್ ಮೇಲೆ 18% ಜಿಎಸ್‌ಟಿ. ಫ್ಯಾಕ್ಟರಿಯವರು ಅದನ್ನು ಇನ್‌ಪುಟ್ ಕ್ರೆಡಿಟ್ ತಗೊಳ್ಳುತ್ತಾರೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರೆ, ಹಾಗಾಗಿ ಅವರಿಗೆ ಅದು ಖರ್ಚಲ್ಲ. ಆಸ್ಪತ್ರೆ, ಶಾಲೆಗಳ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರೋದರಿಂದ ಅವರಿಗೆ ಆ ಕ್ರೆಡಿಟ್ ಸಿಗಲ್ಲ, ಪೂರ್ತಿ ಕೈಯಿಂದಲೇ ಹೋಗುತ್ತೆ. ಅದೇ ಲೈನ್ ಇಬ್ಬರಿಗೂ ಬೇರೆ ಬೇರೆ ಬೆಲೆ ಬಿದ್ದ ಹಾಗೆ. ಇದನ್ನು ಹೇಳುವ ಕ್ಯಾಂಡಿಡೇಟ್ ಅಪರೂಪ.

ಸಂಬಳದ_ಲೆಕ್ಕ:

ಮೇಲಿನವರು ಕೆಲಸ ಸಿಗೋ ದಾರಿ ಹೇಳಿದರು, ನಾನು ಆ 6 ಲಕ್ಷ ಬಿಡಿಸಿ ತೋರಿಸ್ತೀನಿ.

30% ಅಂದರೆ 1.8 ಲಕ್ಷ, ಅದು ಟಾರ್ಗೆಟ್ ಮುಟ್ಟಿದರೆ ಮಾತ್ರ. ಉಳಿದಿದ್ದು 4.2 ಲಕ್ಷ, ತಿಂಗಳಿಗೆ 35,000. ಬೇಸಿಕ್ ಅದರ ಅರ್ಧ, 17,500 ಅಂತ ಹಿಡಿಯೋಣ. ಕಂಪನಿ ಕಟ್ಟುವ ಪಿಎಫ್ 12%, ಅಂದರೆ 2,100, ಮತ್ತೆ ಗ್ರಾಚ್ಯುಟಿ 4.81%, ಸುಮಾರು 840. ಹೆಚ್ಚಿನ ಕಂಪನಿಗಳು ಇವೆರಡನ್ನೂ ಸಿಟಿಸಿ ಒಳಗೇ ಸೇರಿಸಿರುತ್ತವೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 2,100, ಪ್ರೊಫೆಷನಲ್ ಟ್ಯಾಕ್ಸ್ 200. ಕೈಗೆ ಬರೋದು 30,000ಕ್ಕೂ ಸ್ವಲ್ಪ ಕಡಿಮೆ. ಬೆಂಗಳೂರಿನ ಬಾಡಿಗೆ, ಬೈಕ್ ಪೆಟ್ರೋಲ್ ಎಲ್ಲಾ ಇದರಲ್ಲೇ ಆಗಬೇಕು.

ಆದ್ದರಿಂದ ಇಂಟರ್‌ವ್ಯೂನಲ್ಲಿ ನೀವೂ ಕೇಳಬೇಕು. ಇನ್ಸೆಂಟಿವ್ ಆರ್ಡರ್ ಬಂದಾಗಲಾ, ಲೈನ್ ಚಾಲೂ ಆದಾಗಲಾ, ಗ್ರಾಹಕ ದುಡ್ಡು ಕಟ್ಟಿದ ಮೇಲಾ? ಈ ಮೂರರ ನಡುವೆ ತಿಂಗಳುಗಟ್ಟಲೆ ಅಂತರ ಇರಬಹುದು, ಯಾಕಂದರೆ ರಸ್ತೆ ಅಗೆಯೋಕೆ ಅನುಮತಿ ಸಿಗದೆ ಫೈಬರ್ ಎಳೆಯೋ ಕೆಲಸ ನಿಂತರೆ ನಿಮ್ಮ ದುಡ್ಡೂ ನಿಲ್ಲುತ್ತೆ. ಟಾರ್ಗೆಟ್‌ನ 80% ಆಗದಿದ್ದರೆ ಸೊನ್ನೆಯಾ, ಅಥವಾ ಮಾಡಿದಷ್ಟಕ್ಕೆ ಸಿಗುತ್ತಾ? ಗ್ರಾಹಕ ಆರು ತಿಂಗಳಲ್ಲಿ ಲೈನ್ ಬಿಟ್ಟರೆ ಕೊಟ್ಟ ಇನ್ಸೆಂಟಿವ್ ವಾಪಸ್ ಹಿಡೀತಾರಾ? ಹೋದ ವರ್ಷ ಈ ಟೀಮಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದರು? ಕೊನೇ ಪ್ರಶ್ನೆಗೆ ಮ್ಯಾನೇಜರ್ ನೇರ ಉತ್ತರ ಕೊಟ್ಟರೆ ಒಳ್ಳೇ ಲಕ್ಷಣ.

ಫೀಲ್ಡ್_ಅಕ್ಕ:

ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಕಂಪನಿಯಲ್ಲಿ (ಹೆಸರು ಬೇಡ) ಎರಡು ರೌಂಡ್ ಚೆನ್ನಾಗಿ ಆಯ್ತು. ಆಮೇಲೆ "ಅಸೈನ್‌ಮೆಂಟ್" ಅಂತ ಕೊಟ್ಟರು. ಪೀಣ್ಯದ 50 ಕಂಪನಿಗಳ ಪಟ್ಟಿ, ಪ್ರತಿಯೊಂದರಲ್ಲೂ ತೀರ್ಮಾನ ತಗೊಳ್ಳುವವರ ಹೆಸರು, ಮೊಬೈಲ್ ನಂಬರ್, ಈಗ ಯಾವ ಸರ್ವಿಸ್ ಬಳಸ್ತಾರೆ ಅನ್ನೋದು. ಬಿಸಿಲಲ್ಲಿ ಗೇಟ್ ಗೇಟ್ ಅಲೆದು, ಸೆಕ್ಯುರಿಟಿಯವರನ್ನು ಗೋಗರೆದು ಮಾಡಿಕೊಟ್ಟೆ. ಎಕ್ಸೆಲ್ ಕಳಿಸಿದ ಮೇಲೆ ಫೋನ್ ಎತ್ತಲೇ ಇಲ್ಲ. ಅದು ಇಂಟರ್‌ವ್ಯೂ ಅಲ್ಲ, ಪುಕ್ಕಟೆ ದುಡಿಮೆ. ಕೆಲಸ ಬೇಕಾಗಿರುವ ಹುಡುಗ ಹುಡುಗಿಯರ ಹತ್ತಿರ ಹೀಗೆ ಮಾಡಿಸಿಕೊಳ್ಳೋದು ಅನ್ಯಾಯ.

ಹಾಗಂತ ಅಸೈನ್‌ಮೆಂಟ್ ಕೇಳಿದ ಕೂಡಲೇ ಎದ್ದು ಬರಬೇಡಿ. ನಾಲ್ಕೈದು ಕಂಪನಿ ಆರಿಸಿ, ಅವರಿಗೆ ಏನು ತೊಂದರೆ ಇರಬಹುದು, ನೀವು ಹೇಗೆ ಒಳಗೆ ಹೋಗ್ತೀರಿ ಅಂತ ಒಂದು ಪುಟ ಬರೆದುಕೊಡಿ. ಜನರ ಹೆಸರು, ನಂಬರ್ ಕೊಡಬೇಡಿ, ಕೆಲಸಕ್ಕೆ ಸೇರಿದ ಮೇಲೆ ಮಾಡ್ತೀನಿ ಅನ್ನಿ. ನಿಜವಾಗಿ ನೇಮಕ ಮಾಡುವವರಿಗೆ ಅಷ್ಟು ಸಾಕು. ಟ್ರೈನಿಂಗ್ ಫೀಸು, ಡೆಪಾಸಿಟ್ಟು ಅಂತ ದುಡ್ಡು ಕೇಳಿದರೆ ಮಾತ್ರ ಆ ಕ್ಷಣವೇ ಎದ್ದು ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದರೂ ಅಷ್ಟೇ.

ಇದನ್ನು ಓದುವ ಹೆಣ್ಣುಮಕ್ಕಳಿಗೆ: "ಮದುವೆ ಯಾವಾಗ, ಫೀಲ್ಡ್‌ಗೆ ಮನೆಯವರು ಬಿಡ್ತಾರಾ" ಅಂತ ಈಗಲೂ ಕೇಳ್ತಾರೆ. ನಾನು "ಫೀಲ್ಡ್ ಕೆಲಸ ಅಂತ ಗೊತ್ತಿದ್ದೇ ಬಂದಿದ್ದೇನೆ, ನನ್ನ ಏರಿಯಾ ಯಾವುದು ಹೇಳಿ" ಅಂತ ಮಾತು ಕೆಲಸದ ಕಡೆ ತಿರುಗಿಸ್ತೀನಿ. ಮತ್ತೆ ಅದನ್ನೇ ಕೆದಕಿದರೆ ಅಂಥ ಕಡೆ ಸೇರಬೇಡಿ.

ಹುಬ್ಬಳ್ಳಿ_ಮ್ಯಾನೇಜರ್:

ನಾನು ಮೇಜಿನ ಆ ಕಡೆ ಕೂರುವವನು. ಅಂಗಡಿ ಸೇಲ್ಸ್ ಮಾಡಿದವರನ್ನು ನಾನಂತೂ ಖುಷಿಯಿಂದ ತಗೊಳ್ಳುತ್ತೇನೆ. ಬಾಕಿ ವಸೂಲಿ ಮಾಡಿ ಬಲ್ಲವನಿಗೆ ಉಳಿದಿದ್ದನ್ನು ಕಲಿಸಬಹುದು. ಆದರೆ "ಚೆನ್ನಾಗಿ ಮಾಡಿದ್ದೇನೆ ಸಾರ್" ಅಂತ ಹೇಳಿದರೆ ನನಗೆ ಏನೂ ತಿಳಿಯಲ್ಲ. ನಿಮ್ಮ ಬೀಟ್‌ನಲ್ಲಿ (ನೀವು ಸುತ್ತುವ ಏರಿಯಾದಲ್ಲಿ) ಎಷ್ಟು ಅಂಗಡಿ, ತಿಂಗಳ ಮಾರಾಟ ಎಷ್ಟಿತ್ತು ಎಷ್ಟಾಯಿತು, ಸಾಲ ಎಷ್ಟು ದಿನಕ್ಕೆ ವಾಪಸ್ ಬರ್ತಿತ್ತು, ಮಾಲು ತಗೊಳ್ಳದ ಅಂಗಡಿಯವರು ಹೇಗೆ ತಗೊಂಡರು, ಇದನ್ನು ಹೇಳಿ. ಅಂಗಡಿಯವನು ಅಲ್ಲೇ ಹೂಂ ಅಥವಾ ಊಹೂಂ ಅಂತಾನೆ, ಕಂಪನಿಯವರು ಮೂರು ತಿಂಗಳು ಎಳೀತಾರೆ. ಅಷ್ಟು ದಿನ ಬೆನ್ನು ಹತ್ತುವ ತಾಳ್ಮೆ ಇದೆಯಾ ಅಂತ ನೋಡೋಕೇ ನಾನು ಜಾಸ್ತಿ ಪ್ರಶ್ನೆ ಕೇಳೋದು.

ಇಂಗ್ಲಿಷ್ ಬಗ್ಗೆ: ಪೀಣ್ಯದಲ್ಲಿ ಸಣ್ಣ ಫ್ಯಾಕ್ಟರಿ ಮಾಲೀಕರ ಜೊತೆ ಕನ್ನಡ ಚೆನ್ನಾಗಿ ನಡೆಯುತ್ತೆ, ಹಿಂದಿ ಸ್ವಲ್ಪ ಬಂದರೆ ಇನ್ನೂ ಅನುಕೂಲ. ಇಂಗ್ಲಿಷ್ ನಿಜಕ್ಕೂ ಬೇಕಾಗೋದು ಮೇಲ್‌ಗೆ. ಮೀಟಿಂಗ್ ಆದ ಸಂಜೆಯೇ ಏನು ಮಾತಾಯಿತು, ಮುಂದೆ ಯಾರು ಏನು ಮಾಡಬೇಕು, ಯಾವತ್ತಿಗೆ, ಇಷ್ಟು ನಾಲ್ಕು ಸಾಲು ಬರೆಯೋಕೆ ಬರಬೇಕು. ನಾನು ಇಂಟರ್‌ವ್ಯೂನಲ್ಲೇ ಬರೆಸ್ತೀನಿ. ಓದೋಕೆ ಬರೆಯೋಕೆ ಪರವಾಗಿಲ್ಲ ಅಂದಿದ್ದೀರಿ, ಹಾಗಾದರೆ ಭಯ ಬೇಡ. ಮಾತು ತಡವರಿಸಿದರೆ ನಿಧಾನವಾಗಿ ಹೇಳಿ, ಇಲ್ಲವೇ "ಕನ್ನಡದಲ್ಲಿ ಹೇಳಲಾ ಸಾರ್" ಅಂತ ಕೇಳಿ. ನಾನು ಇದಕ್ಕೆ ಬೇಡ ಅಂದಿದ್ದಿಲ್ಲ.

ತುಮಕೂರು_ಬಿಕಾಂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಂಟರ್‌ವ್ಯೂ ಆಯ್ತು. ರೋಲ್ ಪ್ಲೇನಲ್ಲಿ ಅವರು ಕೋಲ್ಡ್ ಸ್ಟೋರೇಜ್ ಮಾಲೀಕರಾದರು. ಬಾಕಿ ವಸೂಲಿ ವಿಷಯ ತುಂಬಾ ಹೊತ್ತು ಕೇಳಿದರು, ಒಂದು ಅಂಗಡಿಯ ಕಥೆ ಪೂರ್ತಿ ಹೇಳಿದೆ. ಇನ್ಸೆಂಟಿವ್ ಲೈನ್ ಚಾಲೂ ಆಗಿ ಮೊದಲ ಬಿಲ್ ಕಟ್ಟಿದ ಮೇಲೆ ಅಂತೆ. ಟಾರ್ಗೆಟ್ ಮುಟ್ಟಿದವರು ಎಷ್ಟು ಅಂದಿದ್ದಕ್ಕೆ "ಅರ್ಧಕ್ಕಿಂತ ಕಡಿಮೆ" ಅಂತ ನೇರವಾಗಿಯೇ ಹೇಳಿದರು. ಕೆಲಸ ಕೊಡ್ತೀವಿ ಅಂದಿದ್ದಾರೆ. ಏರಿಯಾ ಆರಿಸಿಕೊಳ್ಳಿ ಅಂತಿದ್ದಾರೆ, ಪೀಣ್ಯ ಅಥವಾ ದಾಬಸ್‌ಪೇಟೆಯಿಂದ ತುಮಕೂರುವರೆಗೆ. ಯಾವುದು ತಗೊಳ್ಳಲಿ?

ಲಿಂಕ್_ಅಪ್:

ಅಭಿನಂದನೆ! ನಾನಾಗಿದ್ದರೆ ಎರಡನೆಯದು. ಪೀಣ್ಯದಲ್ಲಿ ಎಲ್ಲಾ ಕಂಪನಿಗಳ ಸೇಲ್ಸ್‌ನವರೂ ಓಡಾಡ್ತಿರುತ್ತಾರೆ, ರೇಟ್ ಜಗಳವೇ ಜಾಸ್ತಿ. ಆ ಕಡೆ ತುಮಕೂರು ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ, ಫುಡ್ ಪಾರ್ಕ್ ಇದೆ, ನಿಮಗೆ ತಿಂಡಿ ವ್ಯಾಪಾರದ ಪರಿಚಯ ಇದೆ, ಬಾಡಿಗೆಯೂ ಉಳಿಯುತ್ತೆ. ಆದರೆ ವಸಂತನರಸಾಪುರದ ಎಷ್ಟು ಭಾಗಕ್ಕೆ ಅವರ ಫೈಬರ್ ಹೋಗಿದೆ ಅಂತ ಮೊದಲು ನಕ್ಷೆ ಕೇಳಿ ನೋಡಿ. ಫೈಬರ್ ಇಲ್ಲದ ಕಡೆ ನೀವು ಎಷ್ಟು ಆರ್ಡರ್ ತಂದರೂ ಚಾಲೂ ಆಗಲ್ಲ, ಇನ್ಸೆಂಟಿವ್ ಬರಲ್ಲ. ಏರಿಯಾ, ಟಾರ್ಗೆಟ್, ಇನ್ಸೆಂಟಿವ್ ನಿಯಮ ಮೂರೂ ಮೇಲ್‌ನಲ್ಲಿ ಬಂದ ಮೇಲೆಯೇ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ.